ನನ್ನ ವಾರಗಿತ್ತಿ ಒಪ್ಪಿದ್ದು

ನನ್ನ ವಾರಗಿತ್ತಿಯನ್ನು ಒಂದು ಮಾತಿಗೆ ಒಪ್ಪಿಸಿದವಳು ನಮ್ಮೂರಲ್ಲಿ ನಾನೊಬ್ಬಳೇ. ಕಟ್ಟಿಕೊಂಡ ಗಂಡನ ಕೈಲಿ ಆಗಲಿಲ್ಲ, ಹೆತ್ತ ಮಗನ ಕೈಲಿ ಆಗಲಿಲ್ಲ, ಬೀಗರ ಕೈಲೂ ಆಗಲಿಲ್ಲ. ನಾನು ಮಾಡಿದೆ. ಇದನ್ನು ಜಂಬಕ್ಕೇ ಬರೆಯುತ್ತಿದ್ದೇನೆ. ಜಂಬಪಡಲು ನನ್ನ ಹತ್ತಿರ ಈಗ ಮಂಡಿ ಉಳಿದಿಲ್ಲ, ಹಲ್ಲು ಉಳಿದಿಲ್ಲ. ಇದೊಂದು ಉಳಿದಿದೆ.

ವಾರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ, ನನಗಿಂತ ಚಿಕ್ಕವಳು. ಬಾಗಿಲಲ್ಲಿ ನಿಂತರೆ ಬೆಟ್ಟದಪುರದ ಬೆಟ್ಟ ಕಾಣುವ ಊರು ನಮ್ಮದು. ಮನೆ ಪಾಲಾದಾಗ ನಡುವೆ ಒಂದು ಗೋಡೆ ಎದ್ದಿತು. ಗೋಡೆಯ ಆ ಕಡೆ ಅವಳು, ಈ ಕಡೆ ನಾನು. ಬಚ್ಚಲ ನೀರು ಯಾರ ಕಡೆ ಹರಿಯಬೇಕು ಅಂತ ಇಬ್ಬರೂ ಎಷ್ಟು ಜಗಳ ಆಡಿದ್ದೇವೆ ಅಂದರೆ, ಆ ನೀರಿಗೇ ಬೇಜಾರಾಗಿ ಈಗ ಎರಡೂ ಕಡೆ ಹರಿಯುತ್ತದೆ. ಅವಳು ಕೆಟ್ಟವಳಲ್ಲ, ಮೊಂಡಿ. ಎಡಕ್ಕೆ ಹೋಗು ಅಂದರೆ ಬಲಕ್ಕೆ ಹೋಗುತ್ತಾಳೆ. ಬಲದಲ್ಲಿ ಹಳ್ಳ ಇದ್ದರೆ ಹಳ್ಳಕ್ಕೆ ಬಿದ್ದು, ಕೆಳಗಿನಿಂದಲೇ "ತಂಪಾಗದೆ" ಅನ್ನುತ್ತಾಳೆ.

ನಮ್ಮ ಕಡೆ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಬಲಿತ ಮೇಲೆ ಎಲೆ ಮುರಿದು ತರಬೇಕು. ಅಂಗಳದಲ್ಲಿ ಕೂತು ಉದ್ದ ಕಡ್ಡಿಗಳಿಗೆ ದಾರದಲ್ಲಿ ಕಟ್ಟಬೇಕು. ಆಮೇಲೆ ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಬೇಯಿಸುವ ಎತ್ತರದ ಮನೆಯೊಳಗೆ, ಸಾಲಾಗಿ ತೂಗುಹಾಕಿ ಬೆಂಕಿ ಕೊಡಬೇಕು. ಒಂದು ಬ್ಯಾರನ್ನಿಗೆ ಬೇಕಾದ ಸೊಪ್ಪನ್ನೆಲ್ಲ ಒಂದೇ ದಿನ ಮುರಿದು, ಕಟ್ಟಿ, ಏರಿಸಿ ಮುಗಿಸಬೇಕು. ಒಂದು ಮನೆಯವರು ಮಾಡಿ ಮುಗಿಸುವ ಕೆಲಸ ಅಲ್ಲ ಅದು. ಅದಕ್ಕೇ ಮುಯ್ಯಾಳು. ಇವತ್ತು ನಿನ್ನ ಅಂಗಳದಲ್ಲಿ ನಾನು ಕಟ್ಟುತ್ತೇನೆ, ನಾಳೆ ನನ್ನ ಅಂಗಳದಲ್ಲಿ ನೀನು ಕಟ್ಟುತ್ತೀಯ. ಕೈಗೆ ಕೈ. ನಮ್ಮ ಮನೆಯಿಂದ ಒಂದು ಕೈ ಕಮ್ಮಿಯಾದರೆ ನಮ್ಮ ಸರದಿ ಬಂದಾಗ ಒಂದು ಕೈ ಕಮ್ಮಿ. ಕೈ ಹೋದರೂ ಹೋಗಲಿ, ಮಾತು ಕೇಳಬೇಕಲ್ಲ, ಅದು ಇನ್ನೂ ಕಷ್ಟ.

ನನ್ನ ವಾರಗಿತ್ತಿಯ ಸೊಸೆ ಹೆಗ್ಗಡದೇವನಕೋಟೆ ಸೀಮೆಯವಳು. ತೌರು ಕಾಕನಕೋಟೆ ಕಾಡಿನ ಅಂಚಿನಲ್ಲಿ. ಅವರ ಮನೆಯಲ್ಲಿ ಬೆಳೆಯುತ್ತಿದ್ದುದು ರಾಗಿ, ಹತ್ತಿ. ಮದುವೆಯಾಗಿ ಬಂದು ಮೊದಲ ಸಲ ಹಸಿ ಹೊಗೆಸೊಪ್ಪು ಮುರಿದ ದಿನ ತಲೆ ತಿರುಗಿ ಬದುವಿನ ಮೇಲೆ ಕೂತಳು. ಹಸಿ ಸೊಪ್ಪಿಗೆ ಅಮಲಿದೆ. ಎಲೆಯ ಮೇಲೆ ಇಬ್ಬನಿ ಇದ್ದರೆ, ಸೋನೆಯ ನೀರಿದ್ದರೆ, ಆ ಅಮಲು ಚರ್ಮದಿಂದಲೇ ಒಳಗೆ ಇಳಿಯುತ್ತದೆ. ಹೊಟ್ಟೆ ತೊಳೆಸುತ್ತದೆ, ವಾಂತಿ ಬರುತ್ತದೆ. ನಮಗೆಲ್ಲ ಆಗಿದೆ. ಮಜ್ಜಿಗೆ ಕುಡಿದು ಮತ್ತೆ ಕೂರುತ್ತಿದ್ದೆವು.

ಅವಳ ಮೊದಲ ಬಸುರು ಸೊಪ್ಪಿನ ಕಾಲದಲ್ಲೇ ಹೋಯಿತು. ಮುಂದಿನ ವರ್ಷ ಮತ್ತೆ ಬಸುರಾದಳು, ಮತ್ತೆ ಸೊಪ್ಪಿನ ಕಾಲ ಬಂತು, ಮತ್ತೆ ಹುಡುಗಿ ಬದುವಿನ ಮೇಲೆ ಕೂತು ಕಕ್ಕತೊಡಗಿದಳು. ಪಿರಿಯಾಪಟ್ಟಣದ ಡಾಕ್ಟ್ರಮ್ಮ ನೋಡಿ ಒಂದೇ ಮಾತು ಹೇಳಿದಳು: ಹೆರಿಗೆ ಆಗುವವರೆಗೂ ಹಸಿ ಸೊಪ್ಪು ಮುಟ್ಟಬೇಡ, ಈ ಸಲವೂ ಮಗು ಹೋಗಬಹುದು.

ಅತ್ತೆ ಕೇಳಿದಳು, ಸೊಂಟಕ್ಕೆ ಕೈ ಇಟ್ಟಳು.

"ಡಾಕ್ಟ್ರಮ್ಮ ಏನು ಸೊಪ್ಪು ಮುರಿದವ್ಳಾ? ನಾನು ಎರಲಿಲ್ವಾ? ನೋವು ಬರಗಂಟ ಕಡ್ಡಿ ಕಟ್ಟಿ ಎತ್ತಿವ್ನಿ ಈ ಮಗನ್ನ. ಕೋಟೆ ಕಡೆಯೋರ್ಗೆ ಮೈ ಬಗ್ಗಲ್ಲ, ಅಷ್ಟೇ."

ಮಾರನೇ ದಿನ ಹುಡುಗಿ ಮತ್ತೆ ಸೊಪ್ಪಿನಲ್ಲಿದ್ದಳು.

ಮೊದಲು ಮಗ ಎದ್ದ. "ಅವ್ವ, ನೀನು ಅವ್ಳನ್ನ ಸೊಪ್ಪಿಗೆ ಕಳ್ಸದ ಬುಡಗಂಟ ನಾನು ಈ ಮನೇಲಿ ಅನ್ನ ಮುಟ್ಟಲ್ಲ" ಅಂದ. "ಮುಟ್ಬ್ಯಾಡ. ಅಕ್ಕಿ ಉಳೀತದೆ" ಅಂದಳು ಅವ್ವ. ಆದರೂ ಹೆತ್ತ ಕರುಳು, ಸಂಜೆಯ ಹೊತ್ತಿಗೆ ಮೆತ್ತಗಾದಳು. ಅಷ್ಟರಲ್ಲಿ ಬೆಟ್ಟದಪುರದ ಹೋಟೆಲಲ್ಲಿ ಅವನು ಬೋಂಡ ತಿನ್ನುತ್ತಿದ್ದುದನ್ನು ಯಾರೋ ನೋಡಿ ಬಂದು ಹೇಳಿದರು. ಉಪವಾಸದ ಕಥೆ ಅಲ್ಲಿಗೆ ಮುಗಿಯಿತು. ಅವಳಿಗೆ ಸಿಟ್ಟು ಬಂದದ್ದು ಬೋಂಡಕ್ಕಲ್ಲ, ತನ್ನ ಕರುಳನ್ನು ಹಿಡಿದು ಎಳೆದನಲ್ಲ ಅಂತ.

ಆಮೇಲೆ ಆಶಾ ಕಾರ್ಯಕರ್ತೆ ಬಂದು ಮೊಬೈಲಿನಲ್ಲಿ ಏನೇನೋ ತೋರಿಸಿದಳು. ಪಾಪದ ಹೆಣ್ಣು, ಒಳ್ಳೆಯದಕ್ಕೇ ತೋರಿಸಿದಳು. ವಾರಗಿತ್ತಿ ನಿಜವಾಗಿ ಹೆದರಿದಳು. ಒಂದಷ್ಟು ದಿನ ಸೊಸೆಯನ್ನು ಹೊಸಲು ದಾಟಿಸಲಿಲ್ಲ. ಅಷ್ಟರಲ್ಲಿ ಮೇಲಿನ ಬೀದಿಯವಳೊಬ್ಬಳು, ಸೊಪ್ಪು ಕಟ್ಟುತ್ತಿದ್ದವಳೇ, ಗುಂಡುಕಲ್ಲಿನಂಥ ಮಗುವನ್ನು ಹೆತ್ತಳು. ಇವಳ ಹೆದರಿಕೆ ಹಾರಿಹೋಯಿತು. ಹೆದರಿಕೆ ಇಬ್ಬನಿ ಇದ್ದ ಹಾಗೆ. ಬಿಸಿಲು ಏರುವವರೆಗೆ ಇರುತ್ತದೆ.

ಮೈದುನ ಪಿರಿಯಾಪಟ್ಟಣದಿಂದ ಒಂದು ಸೀರೆ ತಂದು ಕೊಟ್ಟು, "ಈ ಸಲ ಅವ್ಳನ್ನ ಬುಟ್ಬುಡು" ಅಂದ. ಸೀರೆ ಅವಳಿಗೆ ಬಹಳ ಹಿಡಿಸಿತು. ಅದನ್ನೇ ಉಟ್ಟುಕೊಂಡು ಸೊಸೆಯನ್ನು ಹೊಲಕ್ಕೆ ಕರೆದುಕೊಂಡು ಹೋದಳು.

ಕೊನೆಗೆ ಹುಡುಗಿಯ ಅಪ್ಪ ಕೋಟೆಯಿಂದ ಬಸ್ಸು ಹತ್ತಿ ಬಂದ. ಜೊತೆಗೆ ದೊಡ್ಡ ಮೀಸೆಯ ಹಿರಿಯರು. ಜಗಲಿಯ ಮೇಲೆ ಕೂತು ಗಟ್ಟಿ ಗಂಟಲಲ್ಲಿ, ಬೀದಿಗೆಲ್ಲ ಕೇಳುವ ಹಾಗೆ, "ನಮ್ಮ ಎಣ್ಣ ನಾವು ಕರ್ಕಂಡೋಯ್ತೀವಿ" ಅಂದರು.

"ಕರ್ಕಂಡೋಗಿ. ಕಾಫಿ ಕುಡ್ಕಂಡೇ ಓಗಿ. ಬಸ್ಸಿಗಿನ್ನೂ ಒತ್ತದೆ" ಅಂದಳು ಇವಳು.

ಹುಡುಗಿ ಹೋಗಲಿಲ್ಲ. ನನ್ನ ಹಿತ್ತಿಲಿಗೆ ಬಂದು ನಿಂತಳು. "ಇಂಗೆ ಜಗಳ ಆಡ್ಕಂಡು ಓದ್ರೆ ತಿರ್ಗಾ ಬರಕ್ಕಾಯ್ತದಾ ದೊಡ್ಡವ್ವ?" ಅಂದಳು. ಬುದ್ಧಿ ಇರುವ ಹುಡುಗಿ. ಅಪ್ಪ ಮೀಸೆ ಹೊತ್ತು ಬಂದ, ಮೀಸೆ ಹೊತ್ತು ಹೋದ. ಆದರೆ ಕೆಲಸ ಕೆಟ್ಟಿತು. ಅಲ್ಲಿಯವರೆಗೆ ಸೊಪ್ಪಿನ ಮಾತಾಗಿದ್ದದ್ದು ಈಗ ಮರ್ಯಾದೆಯ ಮಾತಾಯಿತು. ಇನ್ನು ಸೊಸೆಯನ್ನು ಬಿಟ್ಟರೆ ಕೋಟೆಯವರಿಗೆ ಸೋತ ಹಾಗೆ.

ನಡುವೆ ಒಂದಷ್ಟು ದಿನ ನಾನು ಊರಲ್ಲಿ ಇರಲಿಲ್ಲ. ಕೆ.ಆರ್. ನಗರದ ಕಡೆ ಮಗಳ ಮನೆ, ಗದ್ದೆ ಸೀಮೆ. ಅಲ್ಲಿ ಹೊಗೆಸೊಪ್ಪಿನ ಮುಖವನ್ನೇ ನೋಡಲಿಲ್ಲ. ವಾಪಸು ಬಂದಾಗ ಹುಡುಗಿಯ ಮೈ ಕಡ್ಡಿಯಾಗಿತ್ತು, ಹೊಟ್ಟೆ ಮಾತ್ರ ಒಂದಿಷ್ಟು ಮುಂದೆ ಬಂದಿತ್ತು. ಸೊಪ್ಪಿನ ಕಾಲ ಇನ್ನೂ ಅರ್ಧ ಬಾಕಿ ಇತ್ತು. ಆ ಅರ್ಧವನ್ನು ಮಗು ದಾಟುವುದಿಲ್ಲ ಅಂತ ನನಗೆ ಅನ್ನಿಸಿತು.

ಬೀದಿಯ ಕೊನೆಯ ಮನೆಯವಳ ಮೇಲೆ ಶುಕ್ರವಾರ ಶುಕ್ರವಾರ ಅಮ್ಮ ಬರುತ್ತದೆ. ಅವಳು ನನ್ನನ್ನು ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ ಪಿಸುಗುಟ್ಟಿದಳು.

"ಅಮ್ಮನ ಬಾಯಲ್ಲಿ ಯೇಳಿಸ್ಬುಟ್ರೆ ಮುಗೀತು ಕಣಕ್ಕ. 'ಬಸುರಿ ಕೈಲಿ ಸೊಪ್ಪು ಮುಟ್ಟಿಸಿದ್ರೆ ಮನೆ ಉಳಿಯಾಕಿಲ್ಲ' ಅಂತ ನಾನೊಂದು ಮಾತು ಒಗೆದ್ರೆ ಸಾಕು, ಅವ್ಳು ನಡುಗ್ತಾಳೆ."

"ಅಮ್ಮ ತಾನಾಗಿ ಬಂದು ಯೇಳಿದ್ರೆ ಯೇಳ್ಲಿ. ನಾವು ಕರ್ಕಂಬಂದು ಯೇಳಿಸದು ಬ್ಯಾಡ" ಅಂದೆ.

"ಮಗು ಉಳಿಯಾದು ಬ್ಯಾಡ್ವಾ ನಿಂಗೆ?"

"ಬೇಕು. ಅದ್ಕೇ ಬ್ಯಾಡ ಅಂತಿರದು."

ಅವಳಿಗೆ ಅರ್ಥ ಆಗಲಿಲ್ಲ, ಮುಖ ಊದಿಸಿಕೊಂಡು ಹೋದಳು. ಆ ಉಪಾಯ ನಡೆಯುತ್ತಿತ್ತು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಸುಳ್ಳಿಗೆ ದಿನಾ ಕಾವಲು ಕೂರಬೇಕು. ಎಲ್ಲೋ ಒಂದು ಕಡೆ ಯಾರೋ ಬಾಯಿ ಬಿಡುತ್ತಾರೆ. ಆವತ್ತಿಗೆ ಸುಳ್ಳೂ ಹೋಯಿತು, ಡಾಕ್ಟ್ರಮ್ಮನ ನಿಜವೂ ಅದರ ಜೊತೆಗೇ ಹೋಯಿತು. ನನಗೆ ಬೇಕಾಗಿದ್ದದ್ದು, ಬೆಳಗಿನ ಜಾವ ಹೊಲದಲ್ಲಿ ನಾವ್ಯಾರೂ ಇಲ್ಲದಾಗಲೂ ನಿಲ್ಲುವ ಮಾತು. ಅದು ಅವಳ ಒಳಗೇ ಹುಟ್ಟಬೇಕು.

ಎತ್ತಿಗೆ ಬಾರುಕೋಲು ತೋರಿಸಿದರೆ ನಡೆಯುತ್ತದೆ, ಹಿಂಡಿ ತೋರಿಸಿದರೂ ನಡೆಯುತ್ತದೆ. ಕೋಲೂ ಹಿಂಡಿಯೂ ಇಲ್ಲದ ಕಡೆ ನಿಂತುಬಿಡುತ್ತದೆ. ನನ್ನ ವಾರಗಿತ್ತಿಗೆ ಎಲ್ಲರೂ ಕೋಲು ತೋರಿಸಿದರು, ಹಿಂಡಿ ತೋರಿಸಿದರು. ಯಾಕೆ ಬೇಡ ಅನ್ನುತ್ತೀಯ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ಅವಳ ಮನೆಯ ಸರದಿ ಬಂದ ದಿನ ಮುಯ್ಯಿಗೆ ನಾನೇ ಹೋದೆ. ನನ್ನ ಮನೆಯ ಕೈಯಾಗಿ ಯಾವಾಗಲೂ ನನ್ನ ಸೊಸೆ ಹೋಗುವವಳು. ಅವಳನ್ನು ಮನೆಯಲ್ಲಿ ಬಿಟ್ಟು, ನನ್ನ ಊಟವನ್ನು ಡಬ್ಬಿಗೆ ಹಾಕಿಕೊಂಡು, ಅಂಗಳದಲ್ಲಿ ವಾರಗಿತ್ತಿಯ ಪಕ್ಕದಲ್ಲೇ ಕೂತೆ. ಹೆಂಗಸರೆಲ್ಲ ಕಣ್ಣು ಬಿಟ್ಟು ನೋಡಿದರು.

"ಏನಕ್ಕ, ನೀನೇ ಬಂದ್ಬುಟ್ಟೆ? ಬಚ್ಚಲ ನೀರಿನ ಇಸ್ಯಕ್ಕಾ?" ಅಂದಳು ವಾರಗಿತ್ತಿ.

"ಸೊಪ್ಪು ಕಟ್ಟಕ್ಕೆ."

"ಬೆರಳು ಆಡ್ತವಾ ಇನ್ನೂ?"

"ನಿನ್ ನಾಲಿಗೆಯಷ್ಟು ಆಡಲ್ಲ. ಸರ್ಕೋ ಅತ್ತಾಗೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಸರಿದಳು. ಎದುರುಗಡೆ ಹುಡುಗಿ ಒದ್ದೆ ಸೊಪ್ಪಿನ ರಾಶಿಯ ಪಕ್ಕ ಕೂತು, ತುಟಿ ಬಿಗಿಹಿಡಿದು ಎಲೆ ಜೋಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಗೋಡೆಯ ಮರೆಗೆ ಹೋದಳು. ಕಕ್ಕುವ ಸದ್ದು ಎಲ್ಲರಿಗೂ ಕೇಳಿತು. ಯಾರೂ ತಲೆ ಎತ್ತಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಕಡ್ಡಿ ಕಟ್ಟುತ್ತಾ ಬೇರೆ ಮಾತು ಕೇಳಿದೆ.

"ಈ ಮಗನ್ನ ಎರುವಾಗ ನೀನು ಕಡ್ಡಿ ಕಟ್ತಾ ಕುಂತಿದ್ದು ಎಲ್ಲಿ ಕಣಮ್ಮಿ? ಇದೇ ಜಾಗ ಅಲ್ವಾ?"

ಅವಳ ಮುಖ ಅರಳಿತು. "ಇದೇ ಜಾಗ ಕಣಕ್ಕ! ಆವಾಗ ಇಲ್ಲಿ ಉಣಸೆ ಮರ ಇತ್ತಲ್ಲ, ಅದ್ರ ಬುಡ್ದಲ್ಲಿ. ನೋವು ಬಂದ್ಬುಡ್ತು. ಕೈಲಿದ್ದ ಕಡ್ಡಿ ಮುಗಿಸ್ಬುಟ್ಟೇ ನಾನು ಎದ್ದಿದ್ದು."

"ಸೂಲಗಿತ್ತಿ ಕರೆಯಕ್ಕೆ ಓಡಿದೋಳು ನಾನು."

"ನೀನು ಓಡಿದ್ದಾ? ಆಮೆ ಎಂಗೆ ಓಡ್ತದೋ ಅಂಗೆ! ನೀವಿಬ್ರೂ ಬರೋ ಒತ್ಗೆ ಮಗ ಬಂದು ಅಳ್ತಾ ಬಿದ್ದಿದ್ದ."

ಮತ್ತೆ ನಗು. ನಗು ಮುಗಿಯಲಿ ಅಂತ ಕಾದೆ. ಆಮೇಲೆ ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದೆ.

"ಅವ್ನಿಗಿಂತ ಮುಂಚಿನವು?"

ಅವಳ ಬೆರಳು ನಿಂತವು. ಮಗನಿಗಿಂತ ಮುಂಚೆ ಅವಳಿಗೆ ಎರಡು ಹೋಗಿದ್ದವು. ಒಂದು ಹೊಟ್ಟೆಯಲ್ಲೇ, ಒಂದು ಹುಟ್ಟಿ ಉಸಿರಾಡದೆ. ನಮ್ಮ ಅತ್ತೆ ಸತ್ತ ಮೇಲೆ ಅದನ್ನು ಕಂಡ ಹೆಂಗಸರಲ್ಲಿ ಉಳಿದವಳು ನಾನೊಬ್ಬಳೇ.

"ಅದ್ಯಾಕೆ ಈಗ?" ಅಂದಳು.

"ಗೊತ್ತಿರೋಳು ನಾನೊಬ್ಳೇ ಉಳ್ದಿವ್ನಿ. ನಾನು ಕೇಳ್ದೆ ಇನ್ಯಾರು ಕೇಳ್ತಾರೆ?"

ಅವಳು ಒಂದು ಕಡ್ಡಿ ತುಂಬಿಸಿದಳು, ಇನ್ನೊಂದು ಎತ್ತಿಕೊಂಡಳು. ಅದೂ ಅರ್ಧ ಆಯಿತು. ಆಮೇಲೆ ತಲೆ ಎತ್ತದೆ, ದಾರ ಎಳೆಯುತ್ತಲೇ ಕೇಳಿದಳು.

"ಅಕ್ಕ, ಅಂಗಾದ್ರೆ ಅವೂ ಸೊಪ್ಪಿಂದ್ಲೇ ಓದ್ವಾ?"

ಆಗ ನನಗೆ ತಿಳಿಯಿತು. ಡಾಕ್ಟ್ರಮ್ಮನ ಮಾತು ಇವಳ ತಲೆಗೆ ಆವತ್ತೇ ಹೋಗಿತ್ತು. ಹೋಗಿದ್ದಕ್ಕೇ ಇಷ್ಟು ಎಗರಾಟ. ಸೊಸೆಯ ಹೊಟ್ಟೆಗೆ ಸೊಪ್ಪು ಕೆಟ್ಟದ್ದು ಅಂತ ಒಪ್ಪಿದರೆ ತನ್ನ ಎರಡನ್ನು ತನ್ನ ಕೈಯಾರೆ ಕಳೆದುಕೊಂಡೆ ಅಂತ ಒಪ್ಪಬೇಕಾಗುತ್ತದೆ. ಅದನ್ನು ಯಾವ ತಾಯಿ ಒಪ್ಪುತ್ತಾಳೆ? ಮೊಬೈಲು ತೋರಿಸಿದವಳು, ಉಪವಾಸ ಕೂತವನು, ಮೀಸೆ ಹೊತ್ತು ಬಂದವರು, ಎಲ್ಲರೂ ಅದೇ ಗಾಯದ ಮೇಲೆ ಗುದ್ದಿದ್ದರು. ಗುದ್ದಿದಷ್ಟೂ ಅವಳು ಬಿಗಿಯಾದಳು.

"ಇಲ್ಲ ಬುಡು" ಅಂದಿದ್ದರೆ ಅವಳಿಗೆ ಆವತ್ತು ನಿದ್ದೆ ಬರುತ್ತಿತ್ತು, ಸೊಸೆ ಸೊಪ್ಪಿನಲ್ಲೇ ಇರುತ್ತಿದ್ದಳು. "ಊಂ, ನಿನ್ ಕೈಯಾರೆ" ಅಂದಿದ್ದರೆ ಅಲ್ಲೇ ಕುಸಿಯುತ್ತಿದ್ದಳು, ನಾನು ಹೇಳಿದಂತೆ ಕೇಳುತ್ತಿದ್ದಳು. ಬಿದ್ದವಳನ್ನು ಎಳೆದುಕೊಂಡು ಹೋಗುವುದು ಒಪ್ಪಿಸಿದ್ದು ಹೇಗಾಗುತ್ತದೆ? ನಾನು ಇದ್ದದ್ದನ್ನು ಹೇಳಿದೆ.

"ನಂಗೊತ್ತಿಲ್ಲ ಕಣಮ್ಮಿ. ಸೊಪ್ಪಿಂದ್ಲೂ ಇರ್ಬೈದು, ಬ್ಯಾರೆ ಯಾತ್ರಿಂದ್ಲೋ ಇರ್ಬೈದು. ಈಗ ಯಾರ್ಗೂ ಗೊತ್ತಾಗಲ್ಲ. ಮುಟ್ಬ್ಯಾಡ ಅಂತ ನಿಂಗೆ ಆವತ್ತು ಯಾರಾದ್ರೂ ಯೇಳಿದ್ರಾ?"

"ಯಾರು ಯೇಳ್ತಾರೆ? ನಮ್ಮತ್ತೆಯೇ ಸೊಪ್ಪಿನ ಒರೆ ತಂದು ಮುಂದಕ್ಕೆ ಆಕೋಳು."

"ಅವ್ಳಿಗೂ ಯಾರೂ ಯೇಳಿರ್ಲಿಲ್ಲ. ಯೇಳಿದ್ರೆ ನೀನು ಮುಟ್ತಿದ್ದಾ?"

ಅವಳು ನನ್ನನ್ನು ನೋಡಿದಳು. "ಕಾಲಲ್ಲಿ ಒದ್ರೂ ಮುಟ್ತಿರ್ಲಿಲ್ಲ" ಅಂದಳು.

"ಅಷ್ಟೇ ಬುಡು" ಅಂದೆ. ಮುಂದಕ್ಕೆ ಒಂದು ಅಕ್ಷರ ಆಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಎದ್ದೆವು. ಹೊಗೆಸೊಪ್ಪಿನ ಸೀಮೆಯಲ್ಲಿ ಇರುವವರಿಗೆ ಆ ಊಟ ಗೊತ್ತು. ಸೊಪ್ಪಿನ ಅಂಟು ಕೈಗೆ ಕಪ್ಪಗೆ ಹತ್ತುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ನಮ್ಮ ಬೆರಳಿನ ಕಹಿ ಒಂದಿಷ್ಟು ಹೋಗುತ್ತದೆ. ಆದರೆ ಮುದ್ದೆ ಕಟ್ಟಿದವಳ ಕೈಯ ಕಹಿ ಮುದ್ದೆಯ ಒಳಗೇ ಕೂತಿರುತ್ತದೆ. ಎಲ್ಲ ಮನೆಗಳಲ್ಲೂ ಸೊಪ್ಪು ಕಟ್ಟುವ ಕೈಯೇ ಮುದ್ದೆ ಕಟ್ಟುವ ಕೈ. ಸೊಪ್ಪಿನ ಕಾಲ ಮುಗಿಯುವವರೆಗೂ ಇಡೀ ಊರು ಕಹಿ ಉಣ್ಣುತ್ತದೆ. ಅದೇ ರಾಗಿಯ ರುಚಿ ಅನ್ನುವಷ್ಟು ಅಭ್ಯಾಸವಾಗಿಹೋಗಿದೆ.

ವಾರಗಿತ್ತಿಯ ಪಾತ್ರೆಯಲ್ಲಿ ಮುದ್ದೆ ಸಾಲದೆ ಬಂತು. ನನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಹಾಕಿದೆ. ಉಪ್ಸಾರಿಗೆ ಅದ್ದಿ ಒಂದು ತುತ್ತು ನುಂಗಿದಳು, ನಿಂತಳು. ಇನ್ನೊಂದು ನುಂಗಿದಳು.

"ಇದ್ಯಾರು ಕಟ್ಟಿದ್ದು ಮುದ್ದೆಯ?"

"ನಾನೇ."

"ಕಹಿ ಇಲ್ವಲ್ಲಕ್ಕ."

"ಮಗಳ ಮನೇಲಿ ಇದ್ನಲ್ಲ. ಈ ಕೈ ಸೊಪ್ಪು ಮುಟ್ಟಿ ಬಾಳ ದಿನ ಆಗಿತ್ತು, ಇವತ್ತೇ ಮುಟ್ಟಿದ್ದು. ನಾಳೆ ಕಟ್ಟಿದ್ರೆ ಕಹಿಯೇ."

ಅವಳು ಆ ಅರ್ಧ ಮುದ್ದೆಯನ್ನು ನಿಧಾನವಾಗಿ, ಹಬ್ಬದ ಹೋಳಿಗೆ ಉಣ್ಣುವ ಹಾಗೆ ಉಂಡಳು. ಕೈ ತೊಳೆಯಲು ಹೋದಾಗ ನನ್ನ ಹಿಂದೆಯೇ ಬಂದಳು.

"ಅಕ್ಕ, ನಿಜ ಯೇಳು. ನೀನು ಬಂದಿರದು ನನ್ ಸೊಸೆ ಇಸ್ಯಕ್ಕೇ ತಾನೆ?"

"ಔದು. ಅದ್ಕೂ ಬಂದೆ, ಸೊಪ್ಪಿಗೂ ಬಂದೆ."

"ನಾನು ಆಗಲ್ಲ ಅಂದ್ರೆ?"

"ಆಗಲ್ಲ ಅನ್ನು. ನಿನ್ ಸೊಸೆ, ನಿನ್ ಮನೆ. ಮುಂದಿನ ಸರದಿಗೂ ಸೊಪ್ಪು ಕಟ್ಟಕ್ಕೆ ನಾನೇ ಬತ್ತೀನಿ. ಮುಯ್ಯಿ ಬ್ಯಾರೆ, ಇದು ಬ್ಯಾರೆ."

ಮುಯ್ಯಿಯ ಋಣ ಹೊರಿಸಿ ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಬಾಯಲ್ಲಿ ಹೂಂ ಅಂದು ಹೊಟ್ಟೆಯಲ್ಲಿ ಉರಿಯುತ್ತಾರೆ. ಅಂಥ ಹೂಂ ನನಗೆ ಬೇಕಿರಲಿಲ್ಲ. ಇಲ್ಲ ಅನ್ನುವ ಬಾಗಿಲು ತೆಗೆದಿಟ್ಟು, ನಾನು ಪಕ್ಕಕ್ಕೆ ನಿಂತೆ.

ಅವಳು ಆ ಬಾಗಿಲಿಂದ ಹೋಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಗೊಣಗಿದಳು.

"ಅವ್ಳನ್ನ ಬುಟ್ರೆ ಮುಯ್ಯಿಗೆ ಯಾರು ಓಗದು? ನಮ್ಮನೇದು ಒಂದು ಕೈ ಕಮ್ಮಿ ಅಂತ ಕಂಡೋರ ಬಾಯಲ್ಲಿ ಅನ್ನಿಸ್ಕಬೇಕಾ? ಅದನ್ನ ಎಂಗೆ ಸರಿ ಮಾಡದು?"

ಆಗಲ್ಲ ಅನ್ನುತ್ತಿದ್ದವಳು ಹೇಗೆ ಅಂತ ಕೇಳಿದರೆ ಅರ್ಧ ದಾರಿ ಬಂದಳು ಅಂತಲೇ ಲೆಕ್ಕ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಈಗ ತಾನೇ ಅವಳು ಉಂಡ ಮುದ್ದೆಯಲ್ಲೇ ಇತ್ತು. ಆ ಉತ್ತರವನ್ನು ನುಂಗಿಕೊಂಡೆ. ನನ್ನ ಜನ್ಮದಲ್ಲಿ ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ, ನನ್ನ ಬಾಯಿ ಊರಿಗೆಲ್ಲ ಗೊತ್ತು.

"ನೀನೇ ಯೋಚ್ನೆ ಮಾಡು. ಮುಯ್ಯಿ ಲೆಕ್ಕ ನಂಗಿಂತ ನಿಂಗೆ ಚೆನ್ನಾಗಿ ಗೊತ್ತು" ಅಂದು ಸೊಪ್ಪಿಗೆ ಹೋಗಿ ಕೂತೆ.

ಮಾರನೇ ದಿನ ಮೇಲಿನ ಬೀದಿಯ ಮನೆಯೊಂದರ ಸರದಿ. ಹೆಂಗಸರೆಲ್ಲ ಸೇರಿದ್ದೆವು. ವಾರಗಿತ್ತಿ ಸೊಸೆಯನ್ನು ಹಿಂದಿಟ್ಟುಕೊಂಡು ಅಂಗಳಕ್ಕೆ ಬಂದಳು. ಕರೆದುಕೊಂಡೇ ಬಂದಳಲ್ಲ ಅಂದುಕೊಂಡೆ. ಅವಳು ಸೊಂಟಕ್ಕೆ ಕೈ ಇಟ್ಟು ಅಂಗಳದ ನಡುವೆ ನಿಂತಳು.

"ನೋಡ್ರಮ್ಮಿ, ಎಲ್ರೂ ಕೇಳ್ಕಳಿ. ಇವತ್ತಿಂದ ನನ್ ಸೊಸೆ ಸೊಪ್ಪು ಮುಟ್ಟಲ್ಲ. ಮುಯ್ಯಿ ತಪ್ಪಿಸಲ್ಲ, ಅಡಿಗೆ ಮಾಡ್ತಾಳೆ. ಯಾರ ಮನೆ ಸರದಿಯೋ ಅವ್ರ ಮನೇಲಿ ಎಲ್ರಿಗೂ ಮುದ್ದೆ ಕಟ್ತಾಳೆ. ಅದೂ ಒಂದು ಕೈ."

ಆ ಮನೆಯೊಡತಿ ಬಾಯಿಜೋರಿನವಳು. "ಅದೆಂಗಾಯ್ತದೆ? ಸೊಪ್ಪಿನ ಕೈಗೆ ಸೊಪ್ಪಿನ ಕೈಯೇ ಬೇಕು. ಮುದ್ದೆ ನಾವೂ ಕಟ್ತೀವಿ ಬುಡು" ಅಂದಳು.

"ನೀನು ಕಟ್ಟೋ ಮುದ್ದೆಯ ನಿನ್ ಗಂಡನೇ ನಾಯಿಗೆ ಆಕ್ತಾನೆ. ಮದ್ಯಾನ ಉಂಡು ಮಾತಾಡು" ಅಂದಳು ನನ್ನ ವಾರಗಿತ್ತಿ.

ನಾನು ತಲೆ ತಗ್ಗಿಸಿ ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದೆ. ನಗು ಬರಬಾರದು ಅಂತ ತುಟಿ ಕಚ್ಚಿಕೊಂಡಿದ್ದೆ.

ಮಧ್ಯಾಹ್ನ ಹುಡುಗಿ ಎಲ್ಲರ ತಟ್ಟೆಗೂ ಮುದ್ದೆ ಇಟ್ಟಳು. ಅವಳ ಕೈಯಲ್ಲೂ ಹಳೆಯ ಕಹಿ ಒಂದಿಷ್ಟು ಇದ್ದೇ ಇತ್ತು, ಪೂರಾ ಹೋಗಲು ಇನ್ನೂ ದಿನ ಬೇಕು. ಹಿತ್ತಾಳೆ ಚೆಂಬಿಗೆ ಹುಣಸೆಹಣ್ಣು ಉಜ್ಜಿದ ಹಾಗೆ ಅತ್ತೆ ಬೆಳಿಗ್ಗೆ ಅವಳ ಕೈ ಉಜ್ಜಿಸಿದ್ದಳಂತೆ. ಅಷ್ಟಕ್ಕೇ ವ್ಯತ್ಯಾಸ ನಾಲಿಗೆಗೆ ಗೊತ್ತಾಯಿತು. ಅಂಗಳದಲ್ಲೆಲ್ಲ ಸಾರು ಹೀರುವ ಸದ್ದೇ. ಬಾಯಿಜೋರಿನವಳು ತಟ್ಟೆ ನೆಕ್ಕಿ, "ಇನ್ನೊಂದು ಅದಾ ಕೂಸೇ?" ಅಂದಳು. ವಾರಗಿತ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಆ ಹುಬ್ಬಿಗೆ ಬೇಕಾದರೆ ಬಚ್ಚಲ ನೀರನ್ನು ಪೂರ್ತಿ ನನ್ನ ಕಡೆಗೇ ಬಿಟ್ಟುಕೊಳ್ಳುತ್ತಿದ್ದೆ.

ದಿನ ಕಳೆದ ಹಾಗೆ ಹುಡುಗಿಯ ಕೈ ಚೊಕ್ಕವಾಯಿತು, ಮುದ್ದೆಗೆ ರಾಗಿಯ ರುಚಿ ವಾಪಸು ಬಂತು. "ನಮ್ಮನೆ ಸರದಿಗೆ ಕೋಟೆ ಹುಡುಗೀನ ಮರೀದೆ ಕಳ್ಸು" ಅಂತ ಹೆಂಗಸರು ವಾರಗಿತ್ತಿಗೆ ಮುಂಚೆಯೇ ಹೇಳಿಡತೊಡಗಿದರು.

ಆದರೂ ನಾನು ಗೆದ್ದೆ ಅಂದುಕೊಂಡಿರಲಿಲ್ಲ. ಗೆದ್ದದ್ದು ಗೊತ್ತಾಗಿದ್ದು ನಾನು ಹುಣಸೂರಿಗೆ ಕಣ್ಣು ತೋರಿಸಿಕೊಳ್ಳಲು ಹೋಗಿದ್ದ ದಿನ. ಆವತ್ತು ವಾರಗಿತ್ತಿಯ ಮನೆಯ ಸರದಿ. ನಾನು ಊರಲ್ಲಿಲ್ಲ, ಅವಳ ಮಗ ಸೌದೆ ತರಲು ಹೋಗಿದ್ದ. ಮೋಡ ಕಟ್ಟಿತ್ತು, ಸೊಪ್ಪು ಬಲಿತು ಹಳದಿಗೆ ತಿರುಗಿತ್ತು, ಮುಯ್ಯಿಗೆ ಬರಬೇಕಾದ ಒಂದಿಬ್ಬರು ಜ್ವರದಿಂದ ಮಲಗಿದ್ದರು. ಮೈದುನ ತಲೆ ಮೇಲೆ ಕೈ ಹೊತ್ತು ಸೊಸೆಯನ್ನು ಕೂಗಿದನಂತೆ, "ಇವತ್ತೊಂದಿನ ಬಾರವ್ವ, ಮಳೆ ಬಂದ್ರೆ ಎಲ್ಲಾ ಓಯ್ತದೆ." ಪಾಪ, ಸೀರೆ ತಂದು ಕೊಟ್ಟಿದ್ದವನೇ ಅವನು. ಹುಡುಗಿ ಚಪ್ಪಲಿ ಮೆಟ್ಟಿದಳಂತೆ.

ವಾರಗಿತ್ತಿ ಬಾಗಿಲಿಗೆ ಅಡ್ಡ ನಿಂತಳಂತೆ. ಇದನ್ನು ನನಗೆ ಹೇಳಿದವಳು ಆ ಹುಡುಗಿಯೇ, ನನ್ನ ಹಿತ್ತಿಲಲ್ಲಿ ಅತ್ತೆಯ ಹಾಗೆ ಸೊಂಟಕ್ಕೆ ಕೈ ಇಟ್ಟು ನಿಂತು, ಅತ್ತೆಯ ಗಂಟಲಿನಲ್ಲೇ.

"'ಬಲಿತ್ರೆ ಬಲೀಲಿ, ಕೊಳೆತ್ರೆ ಕೊಳೀಲಿ. ಸೊಪ್ಪು ಬರೋ ವರ್ಸ ಮತ್ತೆ ಬೆಳೀತದೆ. ನಂಗ್ಯಾರೂ ಯೇಳ್ಲಿಲ್ಲ, ಅದ್ಕೆ ನಾನು ಓದೆ. ಇವ್ಳಿಗೆ ನಾನು ಯೇಳ್ತಾ ಇವ್ನಿ. ಒಳೀಕ್ ನಡಿ' ಅಂದ್ರು ದೊಡ್ಡವ್ವ."

ಆ ದಿನ ವಾರಗಿತ್ತಿ ಒಬ್ಬಳೇ ಇಬ್ಬರ ಸೊಪ್ಪು ಕಟ್ಟಿದಳಂತೆ. ನನ್ನ ಎರಡೂ ಕಣ್ಣಿಗೆ ಹುಣಸೂರಿನ ಡಾಕ್ಟರು ಔಷಧಿ ಹಾಕಿ ಕಳಿಸಿದ್ದರು, ಎದುರಿಗಿದ್ದ ಹುಡುಗಿಯ ಮುಖ ಮಂಜು ಮಂಜಾಗಿ ಕಾಣುತ್ತಿತ್ತು. ಅದಕ್ಕೇನಂತೆ. ಕೇಳಬೇಕಾದ್ದು ಕೇಳಿಸಿತ್ತು. ನಾನು ಇಲ್ಲದ ದಿನ, ನಾನು ಆಡದ ಮಾತು ಅವಳ ಬಾಯಲ್ಲಿ ಬಂದಿತ್ತು.

ಮಗು ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ದಿನ ತುಂಬಿಯೇ ಹುಟ್ಟಿತು. ಹೆಣ್ಣು. ಅತ್ತು ವಾರ್ಡನ್ನೇ ಎಬ್ಬಿಸಿತು. ಅದರ ಗಂಟಲು ಯಾರದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ನೋಡಲು ಬಂದವರಿಗೆಲ್ಲ ವಾರಗಿತ್ತಿ ಮಂಚದ ತುದಿಯಲ್ಲಿ ಕೂತು ಒಂದೇ ಕಥೆ ಹೇಳಿದಳು. ಸೊಸೆಯನ್ನು ತಾನೇ ಸೊಪ್ಪಿನಿಂದ ಬಿಡಿಸಿದ್ದು, ಅಡಿಗೆಯ ಕೈ ಅನ್ನುವ ಉಪಾಯ ತನಗೇ ಹೊಳೆದದ್ದು, ಗಂಡನನ್ನು ಬಾಗಿಲಲ್ಲಿ ತಡೆದದ್ದು. ಒಂದೂ ಸುಳ್ಳಲ್ಲ. ಕೋಟೆಯಿಂದ ಬಂದ ಬೀಗರಿಗೂ ಹೇಳಿದಳು, ಮೀಸೆಯವರು ತಲೆ ಆಡಿಸಿದರು. ಪಕ್ಕದ ಮಂಚದವಳಿಗೂ ಹೇಳಿದಳು. ಅವಳು ಸೊಪ್ಪೇ ಬೆಳೆಯದ ಊರಿನವಳು.

ಈಗ ಸೊಪ್ಪಿನ ಕಾಲ ಬಂದರೆ ವಾರಗಿತ್ತಿ ಊರು ಸುತ್ತುತ್ತಾಳೆ. ಯಾರ ಮನೆಯಲ್ಲಿ ಬಸುರಿ ಇದ್ದಾಳೋ ಅವರ ಜಗಲಿಯ ಮೇಲೆ ಹೋಗಿ ಕೂರುತ್ತಾಳೆ. ಒಪ್ಪುವವರೆಗೂ ಏಳುವುದಿಲ್ಲ. ಅವಳದು ನನ್ನ ದಾರಿಯಲ್ಲ, ಸ್ವಲ್ಪ ಬೈದೇ ಹೇಳುತ್ತಾಳೆ. ಆದರೂ ಮೂಲೆ ಮನೆಯ ಮುದುಕಿಯ ಪಕ್ಕ ಕೂತು, "ನಿನ್ಗೂ ಆವತ್ತು ಯಾರೂ ಯೇಳಿರ್ಲಿಲ್ಲ ಅಲ್ವಾ?" ಅಂತ ಮೆಲ್ಲಗೆ ಕೇಳುತ್ತಿದ್ದುದನ್ನು ನಾನು ಒಂದು ದಿನ ನನ್ನ ಕಿವಿಯಾರೆ ಕೇಳಿದ್ದೇನೆ.

ಹೋದ ಸಲ ನನ್ನ ಮೊಮ್ಮಗನ ಹೆಂಡತಿ ಬಸುರಾದಳು. ಸುದ್ದಿ ಗೋಡೆ ದಾಟಿದ್ದೇ ತಡ, ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ವಾರಗಿತ್ತಿ ನನ್ನ ಬಾಗಿಲಿಗೆ ಬಂದಳು.

"ಅಕ್ಕ, ನಿಂಗೆ ವಯಸ್ಸಾಯ್ತು, ಈ ಕಾಲದ್ದು ತಿಳಿಯಾಕಿಲ್ಲ. ನಾನು ಯೇಳದ ಒಸಿ ಕಿವಿಗೆ ಆಕ್ಕೊ. ಬಸುರಿ ಎಂಗಸ್ರು ಅಸಿ ಸೊಪ್ಪು ಮುಟ್ಬಾರ್ದು."

"ಔದಾ?" ಅಂದೆ.

"ಊಂ ಕಣಕ್ಕ. ಮೊಂಡು ಇಡೀಬ್ಯಾಡ."

"ಆಯ್ತು ಬುಡು, ನೀನು ಯೇಳಿದ್ಮೇಲೆ ಇನ್ನೇನು" ಅಂದೆ. ಒಳಗೆ ಹೋಗಿ ಮಗುವಿಗೆ ಒಂದು ಬೆಲ್ಲದ ಚೂರು ತಂದು ಕೊಟ್ಟೆ.